ಕಚ್ಚದ ಗೋಡಿ

ಕಲಾದಗಿಯಿಂದ ಜಿಲ್ಲೆ ಬಂತು
ಎತ್ತಿನ ಗಾಡಿಯೊಳಗ.
ಮೂವತ್ತೆಂಟು ಗಾಡಿ, ಅಂತಿದ್ದ ನಮ್ಮಜ್ಜ,
ಅವನಿಗೆ ಅವನಜ್ಜ ಹೇಳಿದ್ದು:
ದಫ್ತರ, ಶಿಕ್ಕಾ, ತಿಜೋರಿ, ಬೇಡಿ,
ಒಂದು ಗಾಡಿ ತುಂಬ ಬರೇ ಮಸಿದೌತಿ.
ಕೊಲ್ಹಾರದಾಗ ಹೊಳಿ ದಾಟುವಾಗ ಅರ್ಧ ಚೆಲ್ಲಿ
ಕೃಷ್ಣಿ ನೀಲಿ ಆದಳಂತ.
ಇದೊಂದು ನಾ ನಂಬೂದಿಲ್ಲ.

ಇನ್ನೂರು ವರ್ಷ ಹಾಳುಬಿದ್ದ ಮಹಲಿಗೆ
ಸಾಹೇಬ ಟೇಪು ಹಿಡಿದು ಬಂದ.
ಇದು ಕೋರ್ಟು, ಇದು ಖಜಾನೆ,
ಇದು ನನ್ನ ಊಟದ ಖೋಲಿ.
ಸೀತಾಫಲದ ಗಿಡ, ಬಾವಲಿ, ಆಡು ಹೊರಗ ಹೋದವು.
ರೈಲು ಒಳಗ ಬಂತು.

ಗೌಂಡಿ ಮಕ್ತುಮಸಾಬನ ಪಾಲಿಗೆ
ಒಂದು ಸಣ್ಣ ಮಸೂತಿ.
ಟಪಾಲು ಕಚೇರಿ ಆಗಬೇಕು.
ಮೂರು ಕಮಾನು ಮುಚ್ಚು, ಕಿಟಕಿ ಇಡು,
ಕಾಗದ ಹಾಕಲಿಕ್ಕೆ ಬಾಯಿ ಬಿಡು.
ದಿನಕ್ಕ ಆರಾಣೆ. ಮನ್ಯಾಗ ಐದು ಹೊಟ್ಟಿ.
ಒಲ್ಲೆ ಅನ್ನಲಿಲ್ಲ ಅವ.

ಕೆಲಸ ಬಲ್ಲವರಿಗೆ ಗೊತ್ತು:
ಹಳೇ ಗೋಡಿಗೆ ಹೊಸದು ಕೂಡಿಸುವಾಗ
ಹಳೇ ಕಲ್ಲು ಕಡಿದು ಹಲ್ಲು ಮಾಡಬೇಕು,
ಹೊಸ ಕಲ್ಲು ಅದರಾಗ ಕಚ್ಚಿ ಕೂಡಬೇಕು.
ಅದಕ್ಕ ಕಚ್ಚು ಅಂತೀವಿ.
ಕಚ್ಚು ಹಾಕಿದ್ದು ಮುಂದ ಬಿಚ್ಚಿದರ
ಎರಡೂ ಒಡೀತಾವ.

ಮಕ್ತುಮಸಾಬ ಕಚ್ಚು ಹಾಕಲಿಲ್ಲ.
ಸುತ್ತಲೂ ಕಿರುಬೆರಳಿನಷ್ಟು ಸಂದಿ ಬಿಟ್ಟು
ಮನಿ ಒಲಿಯ ಬೂದಿ ತುಂಬಿದ,
ಮ್ಯಾಲ ಗಿಲಾವು ಎಳೆದ.
ಓವರ್ಸಿಯರ್ ಬೆತ್ತದಿಂದ ಬಡಿದು ನೋಡಿ
ಠೀಕ ಅಂದ, ಸಹಿ ಹಾಕಿದ.

ಆಮೇಲೆ ಎಷ್ಟು ಕಾಗದ ಆ ಗೋಡಿಯ ಬಾಯಾಗ!
ಹಡೆದ ಸುದ್ದಿ, ಸೋಲಾಪುರ ಗಿರಣಿಯ ಮನಿಯಾರ್ಡರು,
ಮೂಲಿ ಹರಿದ ಕಾರ್ಡು.
ಯಾವುದಕ್ಕೂ ಅಲುಗಲಿಲ್ಲ, ನಿಂತಿತ್ತು
ಬರೇ ತನ್ನ ಭಾರದ ಮ್ಯಾಲ.

ಮೊನ್ನೆ ಅದನ್ನ ತೆಗಿಯೂ ಗುತ್ತಿಗಿ
ನಮಗs ಬಂತು.
ಅಂಜಿಕೋತ ಉಳಿ ಇಟ್ಟೆ.
ಉಳಿ ಒಳಗ ಜಾರಿತು,
ಅಂಗೈ ಮ್ಯಾಲ ಬೂದಿ ಸುರೀತು,
ಯಾವ ಮುಂಜಾನಿ ರೊಟ್ಟಿ ಬೇಯಿಸಿದ ಬೂದಿಯೋ.
ಸಂಜಿಯೊಳಗ ಗೋಡಿ ಬಂತು
ಹಾಲಿನ ಕೆನಿ ಬಂದಂಗ.
ಕಮಾನಿನ ಅಂಚಿನ ಬಳ್ಳಿ ಎಣಿಸಿ ನೋಡಿದೆ,
ಒಂದು ಎಲಿ ಮುಕ್ಕಾಗಿಲ್ಲ.

ಎಂಜಿನಿಯರ್ ಬಾಯಾರು ವಹಿ ತೆಗೆದು ಕೇಳಿದರು:
ಜೋಡಣಿನೇ ಇಲ್ಲಲ್ಲ ಇದಕ್ಕ,
ಕಳಪೆ ಕೆಲಸ ಅಂತ ಬರೀಲೇನು?
ಬರೀರಿ, ಅಂದೆ.
ಮಾಡಿದವನ ಹೆಸರೂ ಬರೀರಿ.