ಮುಖ

ತಾಲೂಕು ಆಫೀಸಿನ ಎದುರು, ಝೆರಾಕ್ಸ್ ಅಂಗಡಿಗೂ
ಎಳನೀರಿನ ಗಾಡಿಗೂ ನಡುವೆ ನನ್ನ ಮೇಜು.
ಬೋರ್ಡಿನಲ್ಲಿ ಮೂರು ಭಾಷೆ: ಮಲಯಾಳ ದೊಡ್ಡದು,
ಇಂಗ್ಲಿಷ್ ಅದರ ಕೆಳಗೆ,
ಕನ್ನಡ ನಾನೇ ಬರೆದದ್ದು, ಉಳಿದ ಬಣ್ಣದಲ್ಲಿ.

ಬೇಳದ ಜೋಕಿಂ ಕ್ರಾಸ್ತಾ ಹೆಂಡತಿಯನ್ನು ಕರಕೊಂಡು ಬಂದ.
ದೋಹಾದಲ್ಲಿ ಹನ್ನೊಂದು ವರ್ಷ, ಒಂದೇ ಆಸ್ಪತ್ರೆಯ ಲಾಂಡ್ರಿ;
ಅವನು ಇಸ್ತ್ರಿಗೆ, ಅವಳು ಮಡಚಲಿಕ್ಕೆ.
"ಮಾರಿಸೆಲ್" ಎಂದ. ಅವಳು ಕೈಮುಗಿದಳು,
ಯಾರೋ ಹೇಳಿಕೊಟ್ಟ ಹಾಗೆ, ಸ್ವಲ್ಪ ಹೆಚ್ಚೇ ಮೇಲಕ್ಕೆ.

ಲೈಸೆನ್ಸು ಅವಳ ಊರಿನದ್ದು, ಜೊತೆಗೊಂದು ಕಾಗದ,
ಟಗಾಲೊಗ್ ಅಂತೆ.
ವಿದ್ಯಾನಗರದ ಆಫೀಸಿನವರು ಹೇಳಿದ್ದಾರೆ:
ಭಾಷಾಂತರ ಬೇಕು, ಸೀಲು ಬೇಕು,
ಸೀಲಿನ ಮೇಲೊಂದು ಸಹಿ ಬೇಕು.

"ನನಗೆ ಈ ಭಾಷೆ ಬರುವುದಿಲ್ಲ ಮಾರಾಯ."
"ಅವಳಿಗೆ ಬರ್ತದಲ್ಲ" ಅಂದ.
ಅದಕ್ಕೆ ಉತ್ತರವಿರಲಿಲ್ಲ.

ಅವಳು ಓದುವುದು,
ಓದಿದ್ದನ್ನು ಅರಬಿಯಲ್ಲಿ ಅವನಿಗೆ ಹೇಳುವುದು,
ಅವನದನ್ನು ಕೊಂಕಣಿಯಲ್ಲಿ ಗೊಣಗಿ ಕನ್ನಡಕ್ಕೆ ತರುವುದು,
ನಾನು ಇಂಗ್ಲಿಷಿನಲ್ಲಿ ಕುಟ್ಟುವುದು,
ಕೊನೆಗೆ ಓದುವವರು ಮಲಯಾಳದವರು.
ಇಷ್ಟು ಕೈ ದಾಟಿದ ಟೈರಿನಲ್ಲಿ
ಗಾಳಿ ಎಷ್ಟು ಉಳಿದೀತು?

ನಮೂನೆಯಲ್ಲೊಂದು ಕಲಮು:
ಯಾವ ಪರದೇಶದಲ್ಲಿ ಬಳಕೆಗೆ?
ಇಂಡಿಯಾ ಎಂದು ಬರೆಯಬೇಕಿತ್ತು.
ಕಾಸರಗೋಡು ಎಂದು ಹೊಡೆದೆ.
ಬೆರಳು ಅಲ್ಲೇ ನಿಂತಿತು.
ರೇಶನ್ ಕಾರ್ಡಿನ ಹಿಂಬದಿ ಓದಿಸಲಿಕ್ಕೆ
ಅಪ್ಪ ಮುಸ್ಸಂಜೆ ಹೊತ್ತು ಪಕ್ಕದ ಮನೆಗೆ ಹೋಗುತ್ತಿದ್ದರು,
ಜಗಲಿಯಲ್ಲಿ ಚಪ್ಪಲಿ ಬಿಟ್ಟು,
ತಮ್ಮದೇ ಹೆಸರನ್ನು ಕೇಳಿಸಿಕೊಂಡು ಬರುತ್ತಿದ್ದರು.

ಆಮೇಲೆ ಗುರುತಿನ ಚಿಹ್ನೆಯ ಸಾಲು.
"ಮುಕ್-ಹಾ" ಎಂದಳು,
ಎಡಗಣ್ಣಿನ ಕೆಳಗಿನ ಮಚ್ಚೆ ಮುಟ್ಟಿ ತೋರಿಸಿದಳು.
ಜೋಕಿಂ ಅರಬಿಯಿಂದ ಹೊರಡಲಿಕ್ಕೆ ಬಾಯಿ ತೆರೆದ.
ಬೇಡ, ಅಂದೆ. ಇದು ನನಗೆ ಗೊತ್ತುಂಟು.
ಯಾವ ಕಾಲದ ಹಡಗಿನಲ್ಲಿ ಹೋದದ್ದೋ,
ಅಷ್ಟು ಸಮುದ್ರ ಕುಡಿದರೂ
ಉಪ್ಪು ಹಿಡಿದಿಲ್ಲ ಅದಕ್ಕೆ.

ಕೊನೆಯ ಸಾಲು ಎಂದಿನದ್ದೇ:
ನನ್ನ ತಿಳಿವಿಗೆ ಬಂದಷ್ಟು ಇದು ಸತ್ಯ.
ಸೀಲು ಎತ್ತಿದೆ. ಇಟ್ಟೆ.
ಒಂದೇ ಪದಕ್ಕೆ ಸೀಲು ಹೊಡೆಯುವ ಕಾನೂನಿಲ್ಲ.
ದಿಲ್ಲಿಯಲ್ಲಿ ಅವರ ಎಂಬೆಸಿ ಉಂಟು, ಅಲ್ಲಿಗೆ ಕಳಿಸು,
ಎಂದು ವಿಳಾಸ ಬರೆದುಕೊಟ್ಟೆ. ದುಡ್ಡು ಬೇಡವೆಂದೆ.
ಎಳನೀರಿನ ದುಡ್ಡು ಅವನೇ ಕೊಟ್ಟ, ಮೂರಕ್ಕೂ.

ಅವಳ ದೇಶದಲ್ಲಿ ಗಾಡಿಗಳು ಬಲಬದಿಗಂತೆ.
ಅದು ಕಾಗದದಲ್ಲಿ ಎಲ್ಲೂ ಇರಲಿಲ್ಲ.
ರಸ್ತೆ ದಾಟುವಾಗ ಎಡಕ್ಕೆ ನೋಡಿ ಕಾಲಿಟ್ಟಳು.
ಬಲದಿಂದ ತಲಪಾಡಿಯ ಬಸ್ಸು.
ಜೋಕಿಂ ಎರಡೇ ಬೆರಳಲ್ಲಿ, ಬಿಸಿ ಅಂಗಿಯ ಕಾಲರು
ಮಗುಚುವಷ್ಟು ಹಗುರಾಗಿ,
ಅವಳ ಮುಖ ತಿರುಗಿಸಿದ.