ಟ್ಯಾಂಕರಿನವನ ತಿಂಗಳು

ಉಮ್ಮ್ ಅಲ್ ಕುವೈನ್‌ನ ಉಪ್ಪುಬಯಲಿನ ಅಂಚಿಗೆ
ಒಂದು ಮಣ್ಣಿನ ಸುತ್ತು. ಮುನ್ನೂರು ಮೀಟರು.
ಅದಕ್ಕೆ ನೀರು ಹೊಡೆಯುವವನು ನಾನು.
ಕಡಿಮೆಯಾದರೆ ಧೂಳು, ಹೆಚ್ಚಾದರೆ ಜಾರು,
ಸರಿಯಾದರೆ ಯಾರೂ ನನ್ನ ಹೆಸರೆತ್ತುವುದಿಲ್ಲ.

ಬೈಕಿಗೆ ಬ್ರೇಕಿಲ್ಲ. ಒಂದೇ ಗೇರು.
ಎಡಗಾಲಿನ ಬೂಟಿಗೆ ಉಕ್ಕಿನ ಅಟ್ಟೆ.
ಅದನ್ನು ನೆಲಕ್ಕೊರಸಿ, ಹಿಂದಿನ ಚಕ್ರ ಹೊರಕ್ಕೆ ಬಿಟ್ಟು
ನಾಲ್ಕು ಸುತ್ತು, ಎಡಕ್ಕೆ, ಬರೀ ಎಡಕ್ಕೆ.
ನಮ್ಮ ಗುಳೇದಗುಡ್ಡದ ಗಾಣದೆತ್ತಿಗೂ
ಇಷ್ಟು ಸಿಟ್ಟಿರಲಿಲ್ಲ.

ನಮ್ಮದು ಬದ್ರ್ ಗ್ಯಾರೇಜಿನ ತಂಡ:
ಕಲ್ಯಾಣಪುರದ ವಲೇರಿಯನ್, ಉಳ್ಳಾಲದ ಹಸೈನಾರ್,
ಬನ್ನುವಿನ ಜರ್ವಾಲಿ, ಸೆಬುವಿನ ರೊಡೆಲ್,
ಮತ್ತೆ ನನ್ನ ನಾಲಿಗೆಗೆ ಹೆಸರು ಸಿಗದ ಮೂವರು.
ಹಗಲೆಲ್ಲ ಬೇರೆಯವರ ಗಾಡಿಗೆ ಬ್ರೇಕು ಕೂರಿಸಿ
ರಾತ್ರಿ ಬ್ರೇಕಿಲ್ಲದ್ದನ್ನು ಏರುವವರು.

ಅದು ಉಪವಾಸದ ತಿಂಗಳು. ಪಂದ್ಯ ತರಾವೀಹ್ ಮುಗಿದ ಮೇಲೆ.
ಮೊದಲ ವಾರ ಅಜ್ಮಾನಿನವರು ಬಂದರು:
ಐವತ್ತೆರಡು, ಮೂವತ್ತೆಂಟು.
ಹಸೈನಾರ್ ಐದು ಸಲ ಇಳಿದ, ಐದು ಸಲವೂ ಮೊದಲು.
ಮಾಲೀಕ ಖಲ್ಫಾನ್ ಖರ್ಜೂರ ಹಂಚುತ್ತ ಬಂದು
ನನ್ನ ಕೆಸರು ಕೈಯನ್ನೂ ಕುಲುಕಿದ.

ಎರಡನೇ ವಾರ ಫುಜೈರಾಕ್ಕೆ ಹೋದವರು
ಬರೀ ಮೂವತ್ತಮೂರು ತಂದರು.
ನಾನು ಹೋಗಿರಲಿಲ್ಲ. ವಲೇರಿಯನ್ ದನಿ ಕಳಿಸಿದ್ದ:
"ಇಲ್ಲಿನ ನೀರಿನವನಿಗೆ ಕೆಲಸ ಗೊತ್ತಿಲ್ಲ ಮಾರಾಯ."
ಸೋತ ರಾತ್ರಿ, ನಾಚಿಕೆಯಿಲ್ಲದೆ,
ಅದನ್ನೇ ಮೂರು ಸಲ ಕೇಳಿದೆ.

ಹುಣ್ಣಿಮೆಗೆ ಅಲ್ ಐನ್. ನಾಲ್ಕು ಓಟ ಆಗಿತ್ತು,
ನಾವು ಹದಿನೈದು, ಅವರು ಒಂಬತ್ತು.
ಆಗ ಮರಳುಗಾಳಿ ಎದ್ದಿತು. ಚಂದ್ರ ಹೋಯಿತು, ಲೈಟು ಹೋಯಿತು,
ಗೆರೆಯ ಟೇಪು ಹಾರಿ ಬೇಲಿಗೆ ಸುತ್ತಿಕೊಂಡಿತು.
ಮಂಗಳವಾರ ಮೊದಲಿಂದ, ಎಂದರು.
ಆ ಹದಿನೈದು ಯಾರ ಲೆಕ್ಕಕ್ಕೂ ಇಲ್ಲ.

ಮಂಗಳವಾರ. ಇಫ್ತಾರಿನ ಹೊತ್ತಿಗೆ
ಗಂಜಿಯ ಬಟ್ಟಲು ಹಿಡಿದು ಪಕ್ಕ ಕೂತ ಹಸೈನಾರ್
ಬಟ್ಟಲಿಗೇ ಹೇಳಿದಂತೆ ಹೇಳಿದ:
"ಕೊನೆಯ ತಿರುವು, ಹೊರಗಡೆ, ಒಂಚೂರು ಜಾಸ್ತಿ."
ಒದ್ದೆ ಮಣ್ಣು ಅವನಿಗೆ ಹಿಡಿತ ಕೊಡುತ್ತದೆ, ನನಗೆ ಗೊತ್ತು.
ವಾಲ್ವು ತೆರೆದು ಹತ್ತು ಎಣಿಸಿದೆ.

ಕೊನೆಯ ಓಟಕ್ಕೆ ನಾವು ನಲವತ್ತೊಂದು, ಅವರು ನಲವತ್ತಮೂರು.
ಹಸೈನಾರ್ ಆ ಒದ್ದೆಯ ಮೇಲೆ ಹಾಡಿದ ಹಾಗೆ ಹೋದ. ಮೊದಲು.
ಅವರವನೊಬ್ಬ ಎರಡನೆಯವ.
ಮೂರನೆಯವ ರೊಡೆಲ್, ಅದೇ ದಾರಿ ಹಿಡಿದ,
ಜಾರಿದ. ಹಿಂದೆ ಬಂದವನು ಅವನ ಮೇಲೆ.
ಮೂರನೆಯ ಸ್ಥಾನಕ್ಕೆ ಒಂದು ಅಂಕ.
ಅದನ್ನು ಎತ್ತಿಕೊಳ್ಳುವವರಿರಲಿಲ್ಲ.
ನಲವತ್ತನಾಲ್ಕು, ನಲವತ್ತೈದು.

ಕೊರಳೆಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ರೊಡೆಲ್
ಬೈಕು ಹೇಗಿದೆ ಎಂದು ಕೇಳಿದ.
ನೀರಿನ ಬಗ್ಗೆ ಯಾರೂ ಕೇಳಲಿಲ್ಲ.
ಹಸೈನಾರೂ ನಾನೂ ಎರಡು ದಿನ
ಒಬ್ಬರ ಮುಖ ಒಬ್ಬರು ನೋಡದೆ ತಪ್ಪಿಸಿಕೊಂಡೆವು;
ಒಂದೇ ಕೋಣೆ, ಒಂದರ ಮೇಲೊಂದು ಮಂಚ.

ಕೊನೆಯ ವಾರ ರಾಸ್ ಅಲ್ ಖೈಮಾದವರು.
ರೊಡೆಲನ ಜಾಗಕ್ಕೆ ಬೈಕು ತೊಳೆಯುವ ಹುಡುಗ ನಿಲಂತ,
ಹೆಲ್ಮೆಟ್ಟು ದೊಡ್ಡದು, ಒಳಗೆ ಟವೆಲು ತುರುಕಿದ್ದರು.
ಮೂರು ಓಟ ಕಡೆಗೆ ಬಂದ. ನಾಲ್ಕನೆಯದರಲ್ಲಿ ಮೂರನೆಯವ,
ಒಂದು ಅಂಕ.
ಅದನ್ನು ಎರಡು ಕೈಯಲ್ಲಿ ಹಿಡಿದವನಂತೆ ಒಳಗೆ ಬಂದ.
ಗೆದ್ದೆವು, ನಲವತ್ತಾರು, ನಲವತ್ತನಾಲ್ಕು.

ಆರು ತಂಡಗಳಲ್ಲಿ ನಾವು ನಾಲ್ಕನೆಯವರು,
ತಿಂಗಳ ಶುರುವಿನಲ್ಲಿ ಎಲ್ಲಿದ್ದೆವೋ ಅಲ್ಲೇ.

ನಾಳೆ ಹಬ್ಬವೆಂದು ಫೋನುಗಳು ಕೂಗಿದವು.
ಅರ್ಧ ಟ್ಯಾಂಕರು ಉಳಿದಿದೆ, ಎಲ್ಲಿ ಬಿಡಲಿ? ಕೇಳಿದೆ.
ಖಲ್ಫಾನ್ ಗೇಟಿನ ಬೇವಿನ ಗಿಡ ತೋರಿಸಿದ.
ವಾಲ್ವು ತೆರೆದು ಹತ್ತು ಎಣಿಸಿದೆ,
ಆಮೇಲೆ ಎಣಿಸುವುದು ಬಿಟ್ಟೆ.