ಧಣಿ

ಅಡುಗೆಮನೆಯ ಮೇಜಿನ ಆಚೆ ಅವನು, ಈಚೆ ನಾನು.
ಹೊರಗೆ ಆರ್ಬ್ರೋತ್ ಬಂದರಿನ ಗಾಳಿ
ಕಿಟಕಿಯ ಸಂದಿಗೆ ಬಾಯಿಟ್ಟು ಊದುತ್ತಿತ್ತು.
ಇಪ್ಪತ್ತೆರಡು ವರ್ಷ ಮೀನಿನ ಹೊಗೆಮನೆಯಲ್ಲಿ ದುಡಿದವಳು ನಾನು,
ಹ್ಯಾಡಕ್ಕಿನ ಹೊಟ್ಟೆ ಸೀಳಿ, ಬಾಲಕ್ಕೆ ಬಾಲ ಕಟ್ಟಿ
ನಿಮಿಷಕ್ಕೆ ಆರು ಜೋಡಿ ಗಳುವಿಗೆ ನೇತುಹಾಕಿದ ಕೈ.
ಎಷ್ಟು ತೊಳೆದರೂ ಹೊಗೆ ಬಿಡದ ಆ ಕೈಗಳನ್ನು
ಮೇಜಿನ ಕೆಳಗೆ ಬಚ್ಚಿಟ್ಟುಕೊಂಡು ಕೂತಿದ್ದೆ.

ಇನ್ನಿಸ್ ಸ್ವಾಂಕಿ. ಮೂವತ್ತಾರು ವಯಸ್ಸು.
ಕೌನ್ಸಿಲಿನವರು ಕೊಡುವ ದುಡ್ಡು ಈ ವರ್ಷದಿಂದ
ಅವನ ಹೆಸರಿನ ಖಾತೆಗೇ ಬೀಳುತ್ತದೆ.
ಯಾರು ಬರಬೇಕು, ಎಷ್ಟು ಹೊತ್ತಿಗೆ, ಯಾತಕ್ಕೆ,
ಎಲ್ಲ ಅವನದೇ ಮಾತು.
ಮೊದಲು ಏಜೆನ್ಸಿಯವರು ಕಳಿಸುತ್ತಿದ್ದರಂತೆ,
ವಾರಕ್ಕೊಂದು ಮುಖ, ಸಂಜೆ ಏಳಕ್ಕೇ ಪೈಜಾಮ.
"ಜೂನಲ್ಲಿ ಏಳು ಅಂದರೆ ಬಿಸಿಲು" ಅಂದ.
ಅಷ್ಟೇ ಅಂದ.

ಪ್ರಶ್ನೆಗಳನ್ನು ಚಿತ್ರ ಬರೆದು ಇಟ್ಟುಕೊಂಡಿದ್ದ.
ಚಹಾದ ಕಪ್ಪು: ಸಕ್ಕರೆ ಎಷ್ಟು ಅಂತ ಕೇಳುತ್ತೀಯಾ, ಸುಮ್ಮನೆ ಹಾಕುತ್ತೀಯಾ?
ಬಾಗಿಲು: ತಟ್ಟುತ್ತೀಯಾ?
ಮೂರನೆಯದು ಬರೀ ಒಂದು ಗೆರೆ,
ಹಾಳೆಯ ಈ ತುದಿಯಿಂದ ಆ ತುದಿಗೆ.
ನನಗೆ ತಿಳಿಯಲಿಲ್ಲ. ಅವನು ಬಾಯಿ ತೆರೆದ.
ಮಾತು ಗಂಟಲಲ್ಲೆಲ್ಲೋ ತಡೆದು, ತಿರುಗಿ, ಮತ್ತೆ ಹೊರಟು,
ಗಡಿಯಾರದ ಮುಳ್ಳು ಕೇಳಿಸುವಷ್ಟು ಹೊತ್ತು.
ಮುಗಿಸಿಕೊಡಲು ಅವನ ತಾಯಿ ಬಾಗಿದಳು;
ಅವನು ಅಂಗೈ ಎತ್ತಿದ.
"ಕಾಯುತ್ತೀಯಾ?"
ಕೇಳಿ ಮುಗಿಯುವಷ್ಟರಲ್ಲಿ
ನಾನು ಉತ್ತರ ಕೊಟ್ಟಾಗಿತ್ತು.

ಕೊನೆಗೆ ಕೈ ತೋರಿಸು ಅಂದ. ಮೂಸಿದ.
"ಮೀನು." ನಕ್ಕ. ಕೆಲಸ ಸಿಕ್ಕಿತು.

ಕಾಯುವುದೆಂದರೇನು ಅಂತ ಆಮೇಲೆ ಗೊತ್ತಾಯಿತು.
ಕೋಟಿಗೆ ಐದು ಗುಂಡಿ. ನನ್ನ ಬೆರಳು ತುರಿಸುತ್ತವೆ.
ಮೂರನೆಯ ಗುಂಡಿ ನಾಲ್ಕನೆಯ ತೂತಿಗೆ ಹೋಗುತ್ತದೆ,
ಅವನೇ ಕಂಡು, ಅವನೇ ಬಿಚ್ಚಿ, ಮೊದಲಿಂದ.
ಬಸ್ಸು ಹೊರಟುಹೋಗುತ್ತದೆ. ಹೋದರೆ ಹೋಯಿತು,
ಇನ್ನೊಂದು ಬರುತ್ತದೆ, ಅದಕ್ಕೂ ಕಿಟಕಿ ಇದೆ.

ವರ್ಷದ ಪರಿಶೀಲನೆಗೆ ಬಂದ ಹೆಂಗಸು ಒಳ್ಳೆಯವಳೇ.
"ಮಂಗಳವಾರ ಎರಡು ಗಂಟೆ ಬಂದರಿನಲ್ಲಿ ಅಂತಿದೆಯಲ್ಲ,
ಅದರಿಂದ ಸಾಧಿಸಿದ್ದು?"
ಪೆನ್ನು ಖಾಲಿ ಚೌಕದ ಮೇಲೆ ನಿಂತಿತು.
ಇನ್ನಿಸ್ ಯೋಚಿಸಿದ. ನಾವಿಬ್ಬರೂ ಕಾದೆವು.
"ಸೀಲ್" ಅಂದ.
ದೋಣಿಗಳ ನಡುವೆ ಏಳುವ ಆ ಒದ್ದೆ ಬೋಳುತಲೆ,
ಮೀಸೆ, ಯಾರಿಂದ ಏನನ್ನೂ ಕೇಳದ ಕಣ್ಣು.
ಅವಳು ಹಾಗೇ ಬರೆದುಕೊಂಡಳು.
ಚೌಕ ತುಂಬಲಿಲ್ಲ, ದೊಡ್ಡದಿತ್ತು.

ಶುಕ್ರವಾರ ನನ್ನ ಗಂಟೆಗಳ ಹಾಳೆಗೆ ಅವನ ಸಹಿ ಬೇಕು.
ಸಹಿ ಅಂದರೆ ಒಂದು ಮೀನು, ಬಾಲ ಮೊದಲು, ಕಣ್ಣು ಕೊನೆಗೆ.
ಈ ಸಲ ಪೆನ್ಸಿಲು ಹಿಡಿದು ಸಾಲುಸಾಲಾಗಿ ಇಳಿದ,
ಬುಧವಾರದ ಹತ್ತಿರ ನಿಂತ, ರಬ್ಬರು ಹುಡುಕಿದ,
ನಾಲ್ಕನ್ನು ಅಳಿಸಿ ಮೂರು ಮಾಡಿದ.

ಅವತ್ತು ಬಾಗಿಲಲ್ಲಿ ನಿಂತು ಅವನ ಬೆನ್ನುನೋವು, ಅವನ ಮಾತ್ರೆ
ಅಂತ ಅವನ ತಾಯಿಯ ಜೊತೆ ಆಡಿದ್ದೆ.
ಅವನು ನಡುವೆಯೇ ಇದ್ದ;
ಮಾತು ಅವನ ತಲೆಯ ಮೇಲಿಂದ ಆಚೆ ಈಚೆ ಹಾರುತ್ತಿತ್ತು.
ಗಂಟೆಯೇನೂ ಆಗಿರಲಿಲ್ಲ, ಹತ್ತು ನಿಮಿಷ,
ಹಾಗಂತ ಹೇಳಲು ಬಾಯಿ ತೆರೆದೆ.

"ನೀನು ಆಗ ನನ್ನ ಕೆಲಸದಲ್ಲಿ ಇರಲಿಲ್ಲ."

ಇಡೀ ವಾಕ್ಯ. ಎಲ್ಲೂ ತಡೆಯಲಿಲ್ಲ.

ಹೊಗೆಮನೆಯ ಧಣಿಯೂ ಸಂಬಳ ಮುರಿದಿದ್ದಾನೆ,
ತಡವಾಗಿದ್ದಕ್ಕೆ, ಒಮ್ಮೆ ಕೆಮ್ಮಿದ್ದಕ್ಕೆ. ಹಲ್ಲು ಕಚ್ಚಿ ಬೈದುಕೊಂಡಿದ್ದೆ.
ಇವತ್ತು ಆ ಮೂರನ್ನು ನೋಡಿದೆ,
ಕೊಂಚ ಸೊಟ್ಟ, ಹಿಂದಿನ ಹಾಳೆಗೂ ಇಳಿಯುವಂತೆ ಒತ್ತಿ ಬರೆದದ್ದು.
ಸರಿ ಅಂದೆ.
ಅವನು ಮೀನಿಗೆ ಕಣ್ಣಿಟ್ಟ.
ಕೋಟು ತಂದ. ಮೊದಲ ಗುಂಡಿ.